ಪೋಪ್ ಮಾರ್ಟಿನ್ ಪಾಠವನ್ನು ರೊಟ್ಟಿಯಿಂದ ಶುರುಮಾಡಿ

ದಾವಣಗೆರೆಯಲ್ಲಿ ಬಿ.ಎ. ಮಕ್ಕಳಿಗೆ ಮಧ್ಯಯುಗದ ಯುರೋಪ್ ಪಾಠ ಮಾಡುತ್ತೇನೆ. ಮೊದಲ ವರ್ಷ ‘ಏಕಚಿತ್ತವಾದ’ (ಕ್ರಿಸ್ತನಿಗೆ ಇದ್ದದ್ದು ಒಂದೇ ಚಿತ್ತ ಎಂಬ ವಾದ) ಎಂದು ಬೋರ್ಡಿನ ಮೇಲೆ ಬರೆದು, ಅದನ್ನು ಎದುರಿಸಿದ ಏಳನೇ ಶತಮಾನದ ಪೋಪ್ ಒಂದನೇ ಮಾರ್ಟಿನ್‌ರ ಕಥೆ ಎತ್ತಿಕೊಂಡೆ. ಯಾರಿಗೂ ಮುಟ್ಟಲಿಲ್ಲ. ಈಗ ಕೊನೆಯಿಂದ ಹಿಡಿಯುತ್ತೇನೆ, ನೀವೂ ಹಾಗೇ ಮಾಡಿ.

ನಕಾಶೆಯಲ್ಲಿ ಕ್ರಿಮಿಯಾದ ಹಳೆಯ ಖೆರ್ಸನ್ ತೋರಿಸಿ (ಇಂದಿನ ಸೆವಾಸ್ತೊಪೋಲ್ ಬಳಿಯದು, ಈಗಿನ ಖೆರ್ಸನ್ ನಗರವಲ್ಲ). 655ರಲ್ಲಿ ಗಡಿಪಾರಾಗಿ ಅಲ್ಲಿದ್ದ ಮಾರ್ಟಿನ್, ಇಲ್ಲಿ ರೊಟ್ಟಿಯ ಮಾತು ಕಿವಿಗೆ ಬೀಳುತ್ತದೆ, ರೊಟ್ಟಿ ಕಣ್ಣಿಗೆ ಬೀಳುವುದಿಲ್ಲ ಎಂಬರ್ಥದಲ್ಲಿ ಕಾಗದ ಬರೆದರು. ಜೋಳದ ರೊಟ್ಟಿ ಉಂಡು ಬೆಳೆದ ನಮ್ಮ ಮಕ್ಕಳು ತಾವೇ ಕೇಳುತ್ತಾರೆ: ‘ಪೋಪ್‌ಗೆ ಈ ಗತಿ ಯಾಕೆ ಬಂತು ಮೇಡಂ?’

ಆಗ ತಕರಾರಿಗೆ ಬನ್ನಿ. ಕ್ರಿಸ್ತ ದೇವರೂ ಹೌದು, ಮನುಷ್ಯನೂ ಹೌದು ಎಂದು ಎರಡೂ ಕಡೆಯವರು ಒಪ್ಪಿದ್ದರು. ಅವನ ಚಿತ್ತ ಒಂದೋ ಎರಡೋ ಎಂಬುದೇ ಜಗಳ. ಶಿಲುಬೆಗೇರುವ ಹಿಂದಿನ ರಾತ್ರಿ ಕ್ರಿಸ್ತ ಗೆತ್ಸೆಮನೆ ತೋಟದಲ್ಲಿ ಮಾಡಿದ ಪ್ರಾರ್ಥನೆ ಓದಿಸಿ. ಸಾವಿಗೆ ಅಳುಕಿ, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿದ್ದು ಮನುಷ್ಯನ ಚಿತ್ತವೇ ತಾನೆ? ಅದನ್ನು ಕಳೆದರೆ ಕ್ರಿಸ್ತ ಪೂರ್ತಿ ಮನುಷ್ಯನಲ್ಲ ಎಂಬುದು ಮಾರ್ಟಿನ್ ಕಡೆಯವರ ವಾದ. ದ್ವೈತ–ಅದ್ವೈತಕ್ಕೆ ಹೋಲಿಸುವ ಆಸೆಯಾಗುತ್ತದೆ, ದಯವಿಟ್ಟು ಬೇಡ. ಅಲ್ಲಿಯ ಪ್ರಶ್ನೆ ಜೀವ–ಬ್ರಹ್ಮರದು, ಇಲ್ಲಿಯದು ಒಬ್ಬನೇ ಕ್ರಿಸ್ತನ ಒಳಗಿನದು.

ಸಿರಿಯಾ, ಈಜಿಪ್ಟ್‌ಗಳನ್ನು ಅರಬರಿಗೆ ಕಳೆದುಕೊಂಡಿದ್ದ ಬೈಜಾಂಟೈನ್ ಸಾಮ್ರಾಜ್ಯಕ್ಕೆ ಒಳಜಗಳ ಬೇಡವಾಗಿತ್ತು. ಒಂದೆಂದೂ ಎರಡೆಂದೂ ಯಾರೂ ಬಾಯೆತ್ತಬಾರದು ಎಂದು 648ರಲ್ಲಿ ಚಕ್ರವರ್ತಿ ಎರಡನೇ ಕಾನ್‌ಸ್ಟನ್ಸ್ ‘ಟೈಪೋಸ್’ ಆಜ್ಞೆ ಹೊರಡಿಸಿದ. ಮರುವರ್ಷ ಅವನ ಒಪ್ಪಿಗೆಗೆ ಕಾಯದೆ ಪೋಪ್ ಆದ ಮಾರ್ಟಿನ್, ರೋಮಿನ ಲ್ಯಾಟರನ್ ಸಭೆಯಲ್ಲಿ 105 ಬಿಷಪ್‌ಗಳನ್ನು ಕೂಡಿಸಿ ಆ ಆಜ್ಞೆಯನ್ನೇ ಖಂಡಿಸಿದರು.

ವಿಚಾರಣೆಯ ಭಾಗವನ್ನು ಮಾತ್ರ ಓಡಿಸಬೇಡಿ. 653ರ ಜೂನ್‌ನಲ್ಲಿ ಕಾಯಿಲೆಯಿಂದ ಚರ್ಚಿನೊಳಗೆ ಹಾಸಿಗೆ ಹಿಡಿದಿದ್ದ ಮಾರ್ಟಿನ್‌ರನ್ನು ಚಕ್ರವರ್ತಿಯ ಸೈನಿಕರು ಎಳೆದೊಯ್ದರು. ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೊರಿಸಿದ್ದು ರಾಜದ್ರೋಹ: ಬಂಡೆದ್ದ ಅಧಿಕಾರಿ ಒಲಿಂಪಿಯಸ್‌ಗೆ ನೆರವಾದರಂತೆ. ಟೈಪೋಸ್ ವಿಷಯ ಎತ್ತಲು ಹೋದರೆ, ನಂಬಿಕೆಯ ಮಾತು ಇಲ್ಲಿ ತರಬೇಡ ಎಂದು ಬಾಯಿ ಮುಚ್ಚಿಸಿದರು. ಯಾಕಿರಬಹುದು ಎಂದು ಮಕ್ಕಳನ್ನೇ ಕೇಳಿ. ನನ್ನ ತರಗತಿಯಲ್ಲಿ ಅತಿ ಹೆಚ್ಚು ಕೈ ಏಳುವುದು ಇಲ್ಲೇ.

‘ಪೋಪ್‌ಗಳೆಲ್ಲ ಹೀಗೇ ನಿಂತರಾ?’ ಎಂದರೆ ನಿಜ ಹೇಳಿ. 680–81ರ ಚರ್ಚಿನ ಮಹಾಸಭೆ ಎರಡು ಚಿತ್ತದ ಪಕ್ಷವನ್ನು ಎತ್ತಿಹಿಡಿಯಿತು, ಒಂದೇ ಚಿತ್ತ ಎಂದಿದ್ದ ಹಿಂದಿನ ಪೋಪ್ ಹೊನೋರಿಯಸ್‌ರನ್ನು ಖಂಡಿಸಿತು.

ಕಡೆಗೆ ಮತ್ತೆ ಖೆರ್ಸನ್‌ಗೆ ಬನ್ನಿ. ಮಾರ್ಟಿನ್ ಬದುಕಿರುವಾಗಲೇ ರೋಮಿನವರು ಯುಜೀನ್‌ರನ್ನು ಪೋಪ್ ಮಾಡಿದ್ದರು. ತನ್ನವರು ತನ್ನನ್ನು ಮರೆತರೆಂದು ಮಾರ್ಟಿನ್ ನೊಂದು ಬರೆದರು. ಅದೇ ಕಾಗದದಲ್ಲಿ, ಈಗ ತನ್ನವರನ್ನು ಕಾಯುತ್ತಿರುವ ಕುರುಬನಿಗಾಗಿಯೂ ಪ್ರಾರ್ಥಿಸಿದರು.