ಜರ್ಮನಿಗೆ ಓದಲು ಹೊರಟಿದ್ದೀರಾ? ಮೊದಲು ನಿಮ್ಮ ಇನಿಷಿಯಲ್ ನೋಡಿಕೊಳ್ಳಿ

ಸೀಟು ಸಿಗಲಿ, ವೀಸಾ ಆಮೇಲೆ ನೋಡೋಣ ಅಂತ ಕೂತವರು ಅಕ್ಟೋಬರ್‌ನಲ್ಲಿ ಕ್ಲಾಸು ಶುರುವಾದರೂ ಬೆಂಗಳೂರಲ್ಲೇ ಇರುತ್ತಾರೆ. ಅಕ್ಕನ ಮಗನ ಫೈಲು ಹಿಡಿದು ನಾನೂ ಓಡಾಡಿದ್ದೇನೆ. ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ. ಅದರ ಹಿಂದಿನ ಕಾಗದ ಕೂಡಿಸಲು ನಮಗೆ ಏಳೆಂಟು ತಿಂಗಳು ಹಿಡಿಯಿತು.

ಮೊದಲ ತಲೆನೋವು ಹೆಸರಿನದು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೋ ಹಿಂದೋ ಎರಡು ಇನಿಷಿಯಲ್ ಇರುತ್ತದೆ, ಡಿಗ್ರಿ ಸರ್ಟಿಫಿಕೇಟಿಗೂ ಅದೇ ಹೋಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಆ ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸಾಲಾಗಿ ನಿಲ್ಲುತ್ತವೆ. ನಮಗೆ ಇದು ದೊಡ್ಡ ವಿಷಯವೇ ಅಲ್ಲ, ಆದರೆ ಅಲ್ಲಿ ಕೂತು ನೋಡುವವರಿಗೆ ಇವರು ಇಬ್ಬರು ಬೇರೆ ಬೇರೆ ಜನ. ನಮ್ಮ ಹುಡುಗ ಯೂನಿವರ್ಸಿಟಿ ಅರ್ಜಿಯಲ್ಲಿ ಮಾರ್ಕ್ಸ್ ಕಾರ್ಡಿನಂತೆ ಬರೆದುಬಿಟ್ಟ. ಅಡ್ಮಿಷನ್ ಲೆಟರ್ ಇನಿಷಿಯಲ್ ಹೊತ್ತುಕೊಂಡು ಬಂತು. ತಿದ್ದಿ ಕೊಡಿ ಅಂತ ಮೇಲ್ ಹಾಕಿದರೆ ಆಗಸ್ಟ್ ತಿಂಗಳು, ಅಲ್ಲಿ ಅರ್ಧ ಜನ ರಜದಲ್ಲಿ. ಮೂರು ವಾರ ಕಾದೆವು.

ಆದ್ದರಿಂದ ಯೂನಿವರ್ಸಿಟಿ ಅರ್ಜಿ, ಬ್ಲಾಕ್ಡ್ ಅಕೌಂಟ್ (ಖರ್ಚಿನ ದುಡ್ಡು ಮೊದಲೇ ಇಟ್ಟು, ಅಲ್ಲಿಗೆ ಹೋದ ಮೇಲೆ ತಿಂಗಳಿಗಿಷ್ಟು ಅಂತ ಪಡೆಯುವ ಖಾತೆ), ಇನ್ಶೂರೆನ್ಸ್, ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿಕೊಳ್ಳುವುದು ಒಳ್ಳೆಯದು. ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಕೂಡ ಮಾಡಿಸಿಟ್ಟುಕೊಳ್ಳಿ.

ಎರಡನೆಯದು ಎಪಿಎಸ್. ನಿಮ್ಮ ಮಾರ್ಕ್ಸ್ ಕಾರ್ಡು ಅಸಲಿ ಅಂತ ಪರಿಶೀಲಿಸಿ ಕೊಡುವ ಸರ್ಟಿಫಿಕೇಟ್ ಇದು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಇದು ಬೇಕು. ಶುಲ್ಕ 18,000 ರೂಪಾಯಿ, ಸುಮ್ನೆ ಅಲ್ಲ. ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ವಾರವೇ ಹಾಕಿಬಿಡಿ. ಇದರ ಅವಧಿ ಮುಗಿಯುವುದಿಲ್ಲ, ಹಾಗಾಗಿ ಬೇಗ ಮಾಡಿಸಿದರೆ ನಷ್ಟ ಏನೂ ಇಲ್ಲ.

ಇನ್ನು ದುಡ್ಡು. ಊರಲ್ಲಿ ಅಡಿಕೆ ತೋಟ ಇದೆ, ಸೈಟಿದೆ ಅಂದರೆ ಅದರಿಂದ ಕೆಲಸ ಆಗುವುದಿಲ್ಲ. ಸ್ಕಾಲರ್‌ಶಿಪ್ ಇಲ್ಲದಿದ್ದರೆ, ಜರ್ಮನಿಯಲ್ಲೇ ಇರುವವರು ಯಾರೂ ಜವಾಬ್ದಾರಿ ಬರೆದುಕೊಡದಿದ್ದರೆ, ಒಂದು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ನಿಮ್ಮ ಕೈಗೆ ಬರುತ್ತದೆ. 2023ರಲ್ಲಿ ಇದು 11,208 ಇತ್ತು, ಆಗಾಗ ಏರುತ್ತಿರುತ್ತದೆ, ಹಳೇ ವಿಡಿಯೋ ನೋಡಿ ಲೆಕ್ಕ ಹಾಕಬೇಡಿ. ಎಜುಕೇಷನ್ ಲೋನ್ ಆದರೆ ಮಂಜೂರಾದ ಪತ್ರ ಇಟ್ಟುಕೊಂಡು ಕೂತರೆ ಸಾಲದು, ದುಡ್ಡು ಆ ಖಾತೆಗೆ ಹೋಗಿ ಬೀಳಬೇಕು. ಇದನ್ನು ಮ್ಯಾನೇಜರಿಗೆ ಮೊದಲೇ ಬಿಡಿಸಿ ಹೇಳಿ.

ದುಡ್ಡು ಕಳಿಸುವ ದಿನ ಬ್ಯಾಂಕಿನಲ್ಲಿ ಪಕ್ಕದಲ್ಲೇ ನಿಂತು ನೋಡಿ. ಖಾತೆ ತೆರೆದಾಗ ಕೊಟ್ಟ ರೆಫರೆನ್ಸ್ ನಂಬರ್ ಫಾರಂನಲ್ಲಿ ಇರಲೇಬೇಕು. ನಮ್ಮ ಬ್ಯಾಂಕಿನಲ್ಲಿ ಆ ಕಾಲಂ ಖಾಲಿ ಬಿಟ್ಟು ಕಳಿಸಿದರು, ಹನ್ನೆರಡು ಲಕ್ಷದಷ್ಟು ದುಡ್ಡು ಒಂಬತ್ತು ದಿನ ಯಾರ ಲೆಕ್ಕಕ್ಕೂ ಸೇರದೆ ತೂಗಾಡಿತು, ಅಕ್ಕನಿಗೆ ಆ ಒಂಬತ್ತು ದಿನ ಊಟ ಸೇರಲಿಲ್ಲ. ಮಧ್ಯದ ಬ್ಯಾಂಕುಗಳ ಚಾರ್ಜನ್ನೂ ನಾವೇ ಕೊಡುತ್ತೇವೆ ಅಂತ ಆಯ್ಕೆ ಮಾಡಿ. ಇಲ್ಲದಿದ್ದರೆ ದಾರಿಯಲ್ಲೇ ಇಷ್ಟಿಷ್ಟು ಕಡಿದು, ಹತ್ತು ಯೂರೋ ಕಮ್ಮಿ ಬಿದ್ದಿತು ಅಂತ ಮತ್ತೆ ಓಡಾಡಬೇಕಾಗುತ್ತದೆ.

ಇನ್ಶೂರೆನ್ಸ್ ಎರಡು ತರಹ ಬೇಕು: ಹೊರಟ ದಿನದಿಂದ ಯೂನಿವರ್ಸಿಟಿಯಲ್ಲಿ ದಾಖಲಾತಿ ಆಗುವವರೆಗೆ ಟ್ರಾವೆಲ್ ಇನ್ಶೂರೆನ್ಸ್, ಆಮೇಲೆ ಅಲ್ಲಿನ ಹೆಲ್ತ್ ಇನ್ಶೂರೆನ್ಸ್.

ಇಷ್ಟೆಲ್ಲ ಕೈಯಲ್ಲಿದ್ದರೆ ಅರ್ಜಿ ಸಲೀಸು. 2025ರಿಂದ ಜರ್ಮನಿಯ ಕಾನ್ಸುಲರ್ ಪೋರ್ಟಲ್‌ನಲ್ಲೇ ಅರ್ಜಿ ತುಂಬಿ ಕಾಗದ ಏರಿಸಬಹುದು. ಕರ್ನಾಟಕ, ಕೇರಳದವರ ಅರ್ಜಿ ನೋಡುವುದು ಬೆಂಗಳೂರಿನ ಕಾನ್ಸುಲೇಟ್. ಬೆರಳಚ್ಚು, ಒರಿಜಿನಲ್ ಕಾಗದ, 75 ಯೂರೋ ಶುಲ್ಕಕ್ಕೆ ಮಾತ್ರ ಖುದ್ದಾಗಿ ಹೋಗಬೇಕು. ಯಾಕೆ ಈ ಕೋರ್ಸ್ ಅಂತ ಬರೆಯುವ ಪತ್ರ ಮಾತ್ರ ಏಜೆಂಟ್ ಕೊಟ್ಟ ನಕಲು ಆಗಬಾರದು. ಓದಿದ್ದು ಮೆಕ್ಯಾನಿಕಲ್, ಹೊರಟಿದ್ದು ಡೇಟಾ ಸೈನ್ಸ್ ಆದರೆ ನಡುವಿನ ಕೊಂಡಿ ಏನು ಅಂತ ನಾಲ್ಕು ಸಾಲಿನಲ್ಲಿ ನೇರವಾಗಿ ಹೇಳಿ. ಮೊದಲೆಲ್ಲ ವೀಸಾ ಸಿಗದಿದ್ದರೆ ಮರುಪರಿಶೀಲನೆಗೆ ಉಚಿತವಾಗಿ ಬರೆದುಕೊಳ್ಳಬಹುದಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೇ ಅಲ್ಲಿನ ಕೋರ್ಟಿಗೆ ಹೋಗಬೇಕು, ನಮ್ಮಂಥವರಿಗೆ ಅದೆಲ್ಲ ಎಲ್ಲಿ ಆಗುತ್ತೆ?

ಸಿಗುವ ವೀಸಾ ಕೆಲವೇ ತಿಂಗಳದ್ದು. ಹೋಗಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಿ, ವೀಸಾ ಮುಗಿಯುವ ಮೊದಲೇ ವಾಸದ ಪರವಾನಗಿಗೆ ಅರ್ಜಿ ಹಾಕಿ. ಅಲ್ಲೂ ಇದೇ ಕಾಗದ ಕೇಳುತ್ತಾರೆ. ಫೈಲು ಕೈಚೀಲದಲ್ಲಿ ಇರಲಿ. ಉಪ್ಪಿನಕಾಯಿ ಸೂಟ್‌ಕೇಸಿನಲ್ಲಿ ಹೋಗಲಿ.