ಬಾಯ್ಲರ್ ಕವರ್ ಬಿಟ್ಟು ಎಂಟು ಚಳಿಗಾಲ: ನನ್ನ ಅನುಭವ

2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯ ಹಳೇ ಕಾಂಬಿ ಬಾಯ್ಲರ್ (ಮನೆ ಬೆಚ್ಚಗಿಡುವುದಕ್ಕೂ ನಲ್ಲಿಯ ಬಿಸಿನೀರಿಗೂ ಒಂದೇ ಗ್ಯಾಸ್ ಯಂತ್ರ) ಇಳಿಸಿ ಹೊಸದು ಹಾಕಿಸಿದೆ. ಹೆಚ್ಚುಕಮ್ಮಿ 2,500 ಪೌಂಡ್ ಆಯಿತು. ಅದರಲ್ಲಿ ಆ ತಿಂಗಳ ಸಂಬಳದಿಂದ ಹೋದದ್ದು ಐನೂರೈವತ್ತರ ಆಸುಪಾಸು. ಮಿಕ್ಕಿದ್ದು ಪೂರ್ತಿ ನಮ್ಮ ‘ಬಾಯ್ಲರ್ ಹುಂಡಿ’ಯಿಂದ ಬಂತು. 2016ರಲ್ಲಿ ಕವರ್, ಅಂದರೆ ತಿಂಗಳ ಕಂತು ಕಟ್ಟಿದರೆ ಬಾಯ್ಲರ್ ಕೆಟ್ಟಾಗ ರಿಪೇರಿ ಮಾಡಿಕೊಡುವ ಕರಾರು, ಬಿಟ್ಟು ಆ ದುಡ್ಡು ಕೂಡಿಡುವ ಈ ಹುಂಡಿ ಶುರು ಮಾಡಿದಾಗ ಬೇಡ ಅಂದವರೇ ಎಲ್ಲ, ಅದಕ್ಕೇ ಇವತ್ತು ಲೆಕ್ಕ ಬರೆಯುತ್ತಿದ್ದೇನೆ.

ಮನೆ ಕೊಂಡದ್ದು 2012ರಲ್ಲಿ. ಬಾಯ್ಲರ್‌ಗೆ ಆಗ ಮೂರು ವರ್ಷ, ಹಳೇ ಮಾಲೀಕರು ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲೂ ಬರೆಸಿರಲಿಲ್ಲ, ಹಾಗಾಗಿ ವಾರಂಟಿ ಸತ್ತಿತ್ತು. ಹೆದರಿ ಕವರ್ ತೆಗೆದುಕೊಂಡೆ. ಮೊದಲ ವರ್ಷ ತಿಂಗಳಿಗೆ 14 ಪೌಂಡ್, ಆಮೇಲೆ 17, 21, ನಾಲ್ಕನೇ ವರ್ಷ 26. ಸುಮ್ಮನಿದ್ದರೆ ಏರಿಸುತ್ತಲೇ ಹೋಗುತ್ತಾರೆ. ಎಕ್ಸೆಸ್ (ರಿಪೇರಿಯಾದಾಗ ನಾವು ಕೈಯಿಂದ ಕೊಡಬೇಕಾದ ಪಾಲು) ಸೇರಿ ನಾಲ್ಕು ವರ್ಷಕ್ಕೆ ಸಾವಿರ ಪೌಂಡ್ ಕೊಟ್ಟಿದ್ದೇನೆ. ಪಡೆದದ್ದು ಬಿಸಿನೀರನ್ನು ನಲ್ಲಿಗೋ ರೇಡಿಯೇಟರ್‌ಗೋ ತಿರುಗಿಸುವ ಒಂದು ಡೈವರ್ಟರ್ ವಾಲ್ವ್, ಮತ್ತೆ ವರ್ಷಕ್ಕೊಂದು ಹದಿನೈದು ನಿಮಿಷದ ‘ಸರ್ವಿಸ್’. ಮುಚ್ಚಳ ಬಿಚ್ಚಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

2016ರ ಜನವರಿಯಲ್ಲಿ ರೇಡಿಯೇಟರ್‌ಗಳ ಕೆಳಭಾಗ ತಣ್ಣಗಾಗತೊಡಗಿತು. ಒಂದು ದಿನ ಪಂಪೇ ನಿಂತಿತು. ಮನೆಯಲ್ಲಿ ಎರಡು ವರ್ಷದ ಮಗು, ಶಿವಮೊಗ್ಗದಿಂದ ಬಂದಿದ್ದ ನಮ್ಮತ್ತೆ ಎರಡು ಸ್ವೆಟರ್ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಮೂರನೇ ದಿನ ಎಂಜಿನಿಯರ್ ಬಂದ, ಒಂದು ಲೋಟದಲ್ಲಿ ನೀರು ಹಿಡಿದ. ಮಸಿಯಂಥ ನೀರು. ಪೈಪು, ರೇಡಿಯೇಟರ್ ಒಳಗೆ ತುಕ್ಕಿನಿಂದಾಗುವ ಕೆಸರಿನ ಹಾನಿಗೆ ನಿಮ್ಮ ಕವರ್ ಅನ್ವಯಿಸುವುದಿಲ್ಲ ಅಂತ ಹೇಳಿ ಹೊರಟೇಬಿಟ್ಟ. ಕಾಗದ ತೆಗೆದು ಓದಿದೆ. ಕೆಸರು, ಸುಣ್ಣದ ಪೊರೆ ಎರಡೂ ಹೊರಗೆ ಅಂತ ಸ್ಪಷ್ಟವಾಗಿ ಬರೆದಿತ್ತು. ನಮ್ಮ ಕಡೆ ಗಡಸು ನೀರು, ಕೆಟಲ್‌ನಲ್ಲಿ ಬಿಳಿ ಪೊರೆ ಕಟ್ಟುವುದು ಗೊತ್ತೇ ಇದೆ. ಅಂದರೆ ಇಲ್ಲಿ ಬಾಯ್ಲರ್ ಕೆಡುವ ಎರಡು ದೊಡ್ಡ ಕಾರಣಗಳಿಗೂ ಅದರಲ್ಲಿ ಪರಿಹಾರವಿರಲಿಲ್ಲ.

ದೂರು ಕೊಡೋಣ ಅಂತ ಹೊರಟಾಗ ಇನ್ನೊಂದು ಸಂಗತಿ ತಿಳಿಯಿತು. ಕವರ್ ಅಂತ ಮಾರುವುದೆಲ್ಲ ವಿಮೆಯಲ್ಲ. ಬಿಲ್ಲಿನಲ್ಲಿ ಇನ್ಶೂರೆನ್ಸ್ ಪ್ರೀಮಿಯಂ ಟ್ಯಾಕ್ಸ್ (ವಿಮೆಯ ಮೇಲಿನ ತೆರಿಗೆ) ಹಾಕಿದ್ದರೆ ಅದು ವಿಮೆ, ಹಣಕಾಸು ಕಂಪನಿಗಳ ಮೇಲಿನ ದೂರು ವಿಚಾರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ತನಕ ಹೋಗಬಹುದು. ವ್ಯಾಟ್ ಹಾಕಿದ್ದರೆ ಅದು ಸಾಮಾನ್ಯವಾಗಿ ಬರೀ ಸರ್ವಿಸ್ ಕರಾರು, ಆ ಬಾಗಿಲು ಮುಚ್ಚಿದ ಹಾಗೆ. ನನ್ನದು ಎರಡನೆಯದು. ಪಂಪು, ಕೆಸರು ತೊಳೆಯುವುದು ಸೇರಿ 480 ಪೌಂಡ್ ಕೈಯಿಂದ ಹೋಯಿತು. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಆ ವಸಂತದಲ್ಲೇ ಕವರ್ ಬಿಟ್ಟೆ. ಬೇರೊಂದು ಸೇವಿಂಗ್ಸ್ ಖಾತೆ ತೆರೆದು ಮೊದಲೇ 600 ಪೌಂಡ್ ಹಾಕಿದೆ, ತಿಂಗಳಿಗೆ 30 ಪೌಂಡ್ ತಾನಾಗಿ ಅಲ್ಲಿಗೆ ಹೋಗುವ ಹಾಗೆ ಸ್ಟ್ಯಾಂಡಿಂಗ್ ಆರ್ಡರ್. ಹುಂಡಿ ಅಂತ ಹೆಸರಿಟ್ಟವಳು ನನ್ನ ಹೆಂಡತಿ, ಆದರೆ ಅವಳಿಗೂ ನಂಬಿಕೆ ಇರಲಿಲ್ಲ. ಬಾಮೈದನಂತೂ ಯುಗಾದಿ ಊಟಕ್ಕೆ ಕೂತಲ್ಲೇ, “ಭಾವ, ನಾಲ್ಕು ಕಾಸು ಉಳಿಸೋಕೆ ಹೋಗಿ ಮಗೂನ ಚಳೀಲಿ ಮಲಗಿಸ್ತೀರಿ ನೋಡಿ” ಅಂದ. ಮೊದಲ ವರ್ಷವೇ ದೊಡ್ಡದೊಂದು ಕೆಟ್ಟರೆ ಏನು ಮಾಡ್ತೀರಿ ಅನ್ನುವುದು ಅವನ ಪ್ರಶ್ನೆ. ಆ 600 ಇಟ್ಟದ್ದೇ ಅದಕ್ಕೆ. ಅದಿಲ್ಲದೆ ಬರೀ ತಿಂಗಳ ಕಂತು ನೆಚ್ಚಿಕೊಂಡು ಈ ಕೆಲಸಕ್ಕೆ ಯಾರೂ ಇಳಿಯಬಾರದು.

ಹುಂಡಿಯಷ್ಟೇ ಮುಖ್ಯ ಒಬ್ಬ ಒಳ್ಳೇ ಎಂಜಿನಿಯರ್. ಗ್ಯಾಸ್ ಕೆಲಸದವರ ನೋಂದಣಿ ಚೀಟಿಯಾದ ಗ್ಯಾಸ್ ಸೇಫ್ ಕಾರ್ಡಿನ ಹಿಂಬದಿಯಲ್ಲಿ ಯಾವ್ಯಾವ ಕೆಲಸಕ್ಕೆ ಅರ್ಹತೆ ಅಂತ ಇರುತ್ತದೆ, ಅದನ್ನು ನೋಡಿಯೇ ಒಳಗೆ ಬಿಡುತ್ತೇನೆ. ಮೂವರನ್ನು ಪರೀಕ್ಷಿಸಿದೆ. ಒಬ್ಬ ಬಂದವನೇ ಹೊಸ ಬಾಯ್ಲರ್ ಹಾಕಿಸಿ ಅಂದ, ಇನ್ನೊಬ್ಬ ಫೋನೇ ಎತ್ತುತ್ತಿರಲಿಲ್ಲ. ಮೂರನೆಯವರು ಈಗಲೂ ಇದ್ದಾರೆ. ಮೊದಲ ಭೇಟಿಯಲ್ಲಿ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರದಲ್ಲೇ ಮನುಷ್ಯ ಗೊತ್ತಾಗುತ್ತಾನೆ. ಆ ಪ್ರಶ್ನೆ ನನ್ನ ಬಳಿಯೇ ಇರಲಿ.

ಖರ್ಚು ನೆನಪಿರುವಷ್ಟು: ವರ್ಷಕ್ಕೆ ಸರ್ವಿಸ್ 80, ಎಂಟು ವರ್ಷಕ್ಕೆ 640. ಮೊದಲ ಬೇಸಿಗೆಯಲ್ಲೇ ಕಬ್ಬಿಣದ ಪುಡಿ ಹಿಡಿಯುವ ಮ್ಯಾಗ್ನೆಟಿಕ್ ಫಿಲ್ಟರ್ 130. 2018ರಲ್ಲಿ ಬಾಯ್ಲರ್ ಒಳಗಿನ ಫ್ಯಾನ್ 240. 2020ರಲ್ಲಿ ನಲ್ಲಿಯ ನೀರು ಕಾಯಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್, ಸುಣ್ಣ ಕಟ್ಟಿತ್ತು, 180. 2021ರಲ್ಲಿ ಸರ್ಕ್ಯೂಟ್ ಬೋರ್ಡ್ 330. ಒಟ್ಟು 1,520 ಇರಬೇಕು. ಎಂಟು ವರ್ಷಕ್ಕೆ ಹುಂಡಿಗೆ ಹಾಕಿದ್ದು 3,480, ಉಳಿದದ್ದು 1,960. ಕವರನ್ನೇ ಮುಂದುವರಿಸಿದ್ದರೆ, ದರ 26ರಲ್ಲೇ ನಿಂತಿತ್ತು ಅಂತ ಇಟ್ಟುಕೊಂಡರೂ, 2,500 ಪೌಂಡ್ ಹೋಗಿ ಕೈಯಲ್ಲಿ ಒಂದು ಪೆನ್ನಿಯೂ ಇರುತ್ತಿರಲಿಲ್ಲ. ಬಾಯ್ಲರ್‌ಗೆ ಹತ್ತು ತುಂಬಿದ ಮೇಲೆ ಕುತೂಹಲಕ್ಕೆ ದರ ವಿಚಾರಿಸಿದ್ದೆ. ಒಬ್ಬರು ವಯಸ್ಸಾಯಿತು ಅಂತ ಬೇಡವೆಂದರು, ಇನ್ನೊಬ್ಬರು ರಿಪೇರಿ ಖರ್ಚು ಬಾಯ್ಲರ್ ಬೆಲೆಗಿಂತ ಹೆಚ್ಚಾದರೆ ಕೊಡುವುದಿಲ್ಲ ಅನ್ನುವ ಷರತ್ತು ಹಾಕಿದರು. ಹಳೇ ಬಾಯ್ಲರ್‌ನ ಬೆಲೆ ಎಷ್ಟು ಅಂತ ತೀರ್ಮಾನಿಸುವವರೂ ಅವರೇ.

ಮುಚ್ಚಳ ಬಿಚ್ಚುವ ಕೆಲಸಕ್ಕೆ ನಾನು ಕೈ ಹಾಕಿಲ್ಲ, ಹಾಕಲೂಬಾರದು. ಹೊರಗಿನಿಂದ ಮಾಡುವುದೇ ಬೇಕಾದಷ್ಟಿದೆ. 2018ರ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದ ಆ ಕೆಟ್ಟ ಹಿಮದಲ್ಲಿ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತಿತು. ಬಾಯ್ಲರ್ ಒಳಗೆ ಹಬೆ ತಣಿದು ಆಗುವ ನೀರನ್ನು ಹೊರಗೆ ಬಿಡುವ, ಹೊರಗೋಡೆಯ ಕಂಡೆನ್ಸೇಟ್ ಪೈಪ್ ಹೆಪ್ಪುಗಟ್ಟಿತ್ತು. ಕುದಿಯುವ ನೀರಲ್ಲ, ಉಗುರುಬೆಚ್ಚಗಿನ ನೀರು ಸುರಿದು, ಬಿಸಿನೀರಿನ ಚೀಲ ಕಟ್ಟಿ, ಅರ್ಧ ಗಂಟೆಯಲ್ಲಿ ರೀಸೆಟ್ ಮಾಡಿದೆ. ಕವರ್ ಇದ್ದ ಪಕ್ಕದ ಮನೆಯವರು ಫೋನ್ ಸರದಿಯಲ್ಲೇ ಇದ್ದರು, ಅವರದ್ದನ್ನೂ ನಾನೇ ಬಿಡಿಸಿಕೊಟ್ಟೆ. ಆಮೇಲೆ ಪೈಪಿಗೆ ದಪ್ಪ ಫೋಮ್ ಸುತ್ತಿದ್ದೇನೆ. ಸುತ್ತಿದ ರೀತಿಯಲ್ಲಿ ಒಂದು ಕೈಚಳಕ ಇದೆ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಇನ್ನೊಂದು ಪ್ರಯೋಗ ಬಾಯ್ಲರ್ ನೀರಿನ ಪ್ರೆಷರ್ ಮೇಲೆ. ಹತ್ತು ದಿನಕ್ಕೆ 1.5 ಬಾರ್‌ನಿಂದ 0.8ಕ್ಕೆ ಇಳಿಯುತ್ತಿತ್ತು. ನೆಲದಡಿ ಪೈಪ್ ಸೋರುತ್ತಿದೆ, ಹಲಗೆ ಕೀಳಬೇಕು ಅಂದರು ಕೆಲವರು. ನಾನು ಪ್ರತಿ ಭಾನುವಾರ ತಣ್ಣಗಿದ್ದಾಗೊಮ್ಮೆ, ಉರಿಯುವಾಗೊಮ್ಮೆ ಗೇಜ್ ನೋಡಿ ಕ್ಯಾಲೆಂಡರ್ ಮೇಲೆ ಬರೆದೆ. ಉರಿಯುವಾಗ ಮುಳ್ಳು 3ರ ಹತ್ತಿರ ಹೋಗುತ್ತಿತ್ತು, ಹೊರಗಿನ ಸಣ್ಣ ತಾಮ್ರದ ಪೈಪ್ ತೊಟ್ಟಿಕ್ಕುತ್ತಿತ್ತು. ಸೋರಿಕೆಯಲ್ಲ, ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ವೆಸಲ್‌ನಲ್ಲಿ ಗಾಳಿ ಖಾಲಿ. ನಮ್ಮ ಎಂಜಿನಿಯರ್ ಸರ್ವಿಸ್ ಜೊತೆಗೇ ಗಾಳಿ ತುಂಬಿಸಿದರು, ಹೆಚ್ಚುವರಿ ದುಡ್ಡೂ ಕೇಳಲಿಲ್ಲ. ಹಲಗೆ ಕಿತ್ತಿದ್ದರೆ ಎಷ್ಟಾಗುತ್ತಿತ್ತೋ!

ಫ್ಲೋ ಟೆಂಪರೇಚರ್ (ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿ) 75 ಡಿಗ್ರಿಯಿಂದ 58ಕ್ಕೆ ಇಳಿಸಿದ್ದು ಆಮೇಲಿನ ಮಾತು. ಗ್ಯಾಸ್ ಬಿಲ್ ಸ್ವಲ್ಪ ತಗ್ಗಿತು, ರೇಡಿಯೇಟರ್ ಮುಟ್ಟಿದರೆ ಮಗುವಿನ ಕೈ ಸುಡುವ ಭಯವೂ ಹೋಯಿತು. ಹೆಂಡತಿಯ ಮನಸ್ಸು ತಿರುಗಿಸಿದ್ದು ಮಾತ್ರ ಬಾಯ್ಲರ್ ಇಲ್ಲದೆ ತಾನೇ ನೀರು ಕಾಯಿಸುವ ಎಲೆಕ್ಟ್ರಿಕ್ ಶವರ್. ಮೇಲಿನ ಬಚ್ಚಲಿಗೆ ಅದನ್ನು ಹಾಕಿಸಿ, ಎಣ್ಣೆ ತುಂಬಿದ ಎರಡು ಹೀಟರ್ ತಂದಿಟ್ಟೆ. 2021ರಲ್ಲಿ ಬೋರ್ಡ್ ಬರುವತನಕ ನಾಲ್ಕು ದಿನ ಬಾಯ್ಲರ್ ಇರಲಿಲ್ಲ. ಸ್ನಾನ ನಿಲ್ಲಲಿಲ್ಲ, ಮಗು ಬೆಚ್ಚಗೆ ಮಲಗಿತು. “ಇರಲಿ ಬಿಡಿ, ನಿಮ್ಮ ಹುಂಡೀನೇ ಸರಿ” ಅಂದಳು ಆವತ್ತು.

ಹಾಗಂತ ಎಲ್ಲರಿಗೂ ಬಿಡಿ ಅನ್ನುವುದಿಲ್ಲ. ಬಾಡಿಗೆ ಮನೆಯಲ್ಲಿರುವವರು ಕವರ್ ಕೊಳ್ಳುವ ಮಾತೇ ಬೇಡ, ಬಾಯ್ಲರ್ ರಿಪೇರಿ ಕಾನೂನಿನ ಪ್ರಕಾರ ಮಾಲೀಕರದ್ದು. ವಾರಂಟಿ ಇನ್ನೂ ಉಳಿದಿದ್ದರೆ ವರ್ಷ ತಪ್ಪದೆ ಸರ್ವಿಸ್ ಮಾಡಿಸಿ ಪುಸ್ತಕದಲ್ಲಿ ಬರೆಸಿ, ಸಾಕು. ಆದರೆ ನನ್ನ ಸ್ನೇಹಿತನ ತಂದೆತಾಯಿ ಇಬ್ಬರೇ ಇದ್ದಾರೆ, ಎಪ್ಪತ್ತು ದಾಟಿದೆ, ಎಂಜಿನಿಯರ್ ಹುಡುಕುವ ಶಕ್ತಿ ಇಲ್ಲ. ಅವರಿಗೆ ನಾನೇ ಕೂತು ಕಾಗದ ಓದಿ ವಿಮೆ ಮಾಡಿಸಿಕೊಟ್ಟೆ, ಸುಣ್ಣದ ಪೊರೆಯೂ ಸೇರಿರುವಂಥದ್ದು, ಎಕ್ಸೆಸ್ ಕಮ್ಮಿ ಇರುವಂಥದ್ದು. ಮೊದಲ ಕೆಲವು ವಾರ ಕ್ಲೇಮ್ ಮಾಡುವ ಹಾಗಿರಲಿಲ್ಲ, ಅದಕ್ಕೇ ಸೆಪ್ಟೆಂಬರ್‌ನಲ್ಲೇ ಮುಗಿಸಿದೆ.

ಹೊಸ ಬಾಯ್ಲರ್ ಬಂದ ವಾರ ಬಾಮೈದ ಫೋನ್ ಮಾಡಿದ. “ಭಾವ, ನನ್ನ ಕವರ್ ರಿನ್ಯೂವಲ್ ತಿಂಗಳಿಗೆ 34 ಪೌಂಡ್ ಆಗಿದೆ, ಬಿಟ್ಟುಬಿಡ್ಲಾ?” ಅವನದ್ದು ಒಂಬತ್ತು ವರ್ಷದ ಬಾಯ್ಲರ್, ಕೈಯಲ್ಲಿ ಉಳಿತಾಯ ಇಲ್ಲ. ಚಳಿಗಾಲ ಕಳೆಯಲಿ, ಅಷ್ಟರಲ್ಲಿ 600 ಒಟ್ಟು ಮಾಡು, ಏಪ್ರಿಲ್‌ನಲ್ಲಿ ಬಿಡುವೆಯಂತೆ ಅಂದೆ. ನಮ್ಮ ಎಂಜಿನಿಯರ್ ನಂಬರ್ ಅವತ್ತೇ ಕಳಿಸಿದೆ.