ಚೌಕಳಿ ರಾಕೆಟ್: ಕಟ್ಟುವುದು, ಬಣ್ಣ ಹಚ್ಚುವುದು, ಹಾರಿಸುವುದು

ನನ್ನ ಮೊದಲ ಚೌಕಳಿ ರಾಕೆಟ್ ಏರಿದ್ದು ಹೆಚ್ಚೆಂದರೆ ಎರಡು ಆಳೆತ್ತರ. ಅಲ್ಲಿಂದ ಮೂಗು ಪಕ್ಕಕ್ಕೆ ತಿರುಗಿತು, ಬಾಲ ಮುಂದೆ ಬಂತು. ನೆಲಚಕ್ರಕ್ಕೆ ಗಾಳಿಯಲ್ಲಿ ಬೆಂಕಿ ಹಚ್ಚಿದ ಹಾಗೆ ನಾಲ್ಕು ಸುತ್ತು ಸುತ್ತಿ ನೆಲಕ್ಕೆ ಬಡಿಯಿತು. ಒಂಬತ್ತು ವಾರದ ಕೆಲಸ. ಹೊಗೆ ನಿಂತ ಮೇಲೆ ಮಗಳು ಚೂರುಗಳನ್ನು ಆರಿಸಿಕೊಂಡು ಬಂದಳು. ಒಂದು ರೆಕ್ಕೆ ಮಾತ್ರ ಇಡಿಯಾಗಿ ಉಳಿದಿತ್ತು. ಅದನ್ನು ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟಾಗ ತಪ್ಪು ಗೊತ್ತಾಯಿತು: ಬಣ್ಣ. ಬರೀ ಮರವಾಗಿದ್ದಾಗ ತೂಗಿದ್ದಕ್ಕಿಂತ ಆ ರೆಕ್ಕೆ 9 ಗ್ರಾಂ ಜಾಸ್ತಿ ತೂಗಿತು.

ಕಟ್ಟಲು ಹೊರಟಿದ್ದು ಯಾವುದು ಅಂದರೆ, ಕಾಮಿಕ್ಸ್ ಪುಸ್ತಕದ ಹೀರೋ ಟಿನ್‌ಟಿನ್ ಚಂದ್ರನಿಗೆ ಹೋದ ಆ ಕೆಂಪು-ಬಿಳಿ ರಾಕೆಟ್. ಹೊಟ್ಟೆ ದಪ್ಪ, ಮೂಗು ಚೂಪು, ಮೂರು ಬಾಗಿದ ರೆಕ್ಕೆ, ರೆಕ್ಕೆಗಳೇ ಕಾಲು. ಮಧ್ಯೆ ಚೌಕಳಿ, ಮೇಲೂ ಕೆಳಗೂ ಬರೀ ಕೆಂಪು. ನೋಡಲು ಎಷ್ಟು ಚೆಂದವೋ ಹಾರಿಸಲು ಅಷ್ಟೇ ಕಷ್ಟ. ಚಿತ್ರ ಬರೆಯುವವನು ತೂಕ ಸಮನಾಗುವ ಬಿಂದು (ಸಿ.ಜಿ.) ಎಲ್ಲಿ ಬರುತ್ತದೆ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅಲ್ವಾ? ಅದು ನಮ್ಮ ಪಾಲಿಗೆ ಬಿಟ್ಟ ಕೆಲಸ.

ನಾನು ಇರುವುದು ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ. ಮಾಡೆಲ್ ರಾಕೆಟ್ ಹುಚ್ಚು ಹತ್ತಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಾಡೆಲ್ ರಾಕೆಟ್ ಕಂಪನಿ ಎಸ್ಟೆಸ್‌ನ ಊರು ಪೆನ್‌ರೋಸ್ ಇಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಅಂಗಡಿಗೆ ಹೋದರೆ ಪೆನ್ಸಿಲ್ ಕೊಂಡ ಹಾಗೆ ಮೋಟಾರ್, ಅಂದರೆ ರಾಕೆಟ್ಟನ್ನು ನೂಕುವ ಮದ್ದು ತುಂಬಿದ ಕೊಳವೆ, ಕೊಳ್ಳಬಹುದು. ಭಾರತದಲ್ಲಿ ಹಾಗಿಲ್ಲ. ಅಲ್ಲಿ ಇದು ಸ್ಫೋಟಕಗಳ ಕಾನೂನಿನ ಕೆಳಗೆ ಬರುತ್ತದೆ. ಊರಲ್ಲಿ ಇರುವವರು ಮೋಟಾರಿನ ಭಾಗ ಬಿಟ್ಟು ಶೋಕೇಸಿಗೆ ಅಂತ ಕಟ್ಟಿ. ಮನೆಯಲ್ಲಿ ಮದ್ದು ಅರೆದು ತುಂಬುವ ಸಾಹಸ ಮಾತ್ರ ಬೇಡ. ಇಲ್ಲಿಯ ಮಾಡೆಲ್ ರಾಕೆಟ್ ಹವ್ಯಾಸಿಗಳೂ ಅದನ್ನು ಮಾಡುವುದಿಲ್ಲ. 1950ರ ದಶಕದಲ್ಲಿ ಹಾಗೆ ಮಾಡಲು ಹೋಗಿ ಹುಡುಗರು ಬೆರಳು ಕಳೆದುಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ತಯಾರಾದ ಮೋಟಾರಿನ ಹವ್ಯಾಸ ಹುಟ್ಟಿದ್ದಕ್ಕೆ ಅದೂ ಒಂದು ಕಾರಣ.

ಮೋಟಾರಿನ ಲೆಕ್ಕ ಒಂದು ಸಲ ತಲೆಗೆ ಹೋದರೆ ಸಾಕು. ನಾನು ಹಾಕುವುದು ಡಿ12-3. ಅಕ್ಷರ ಒಟ್ಟು ಶಕ್ತಿ ಹೇಳುತ್ತದೆ. ಎ, ಬಿ, ಸಿ, ಡಿ ಅಂತ ಒಂದೊಂದು ಅಕ್ಷರ ಮುಂದೆ ಹೋದಾಗಲೂ ಮಿತಿ ಎರಡರಷ್ಟಾಗುತ್ತದೆ, ಡಿಗೆ 20 ನ್ಯೂಟನ್-ಸೆಕೆಂಡ್. 12 ಅಂದರೆ ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಕೊನೆಯ 3 ಅಂದರೆ, ಉರಿ ಮುಗಿದು 3 ಸೆಕೆಂಡಿಗೆ ಒಳಗಿನ ಸಣ್ಣ ಮದ್ದು ಸಿಡಿದು ಪ್ಯಾರಾಚೂಟನ್ನು ಹೊರಗೆ ದಬ್ಬುತ್ತದೆ. ದಪ್ಪ ರಾಕೆಟ್ ಗಾಳಿಯಲ್ಲಿ ಬೇಗ ನಿಧಾನ ಆಗುತ್ತದೆ, ಹಾಗಾಗಿ 5 ಅಥವಾ 7 ಬೇಡ. ಬಿಚ್ಚುವ ಹೊತ್ತಿಗೆ ಅದು ನೆಲದ ಕಡೆ ಧಾವಿಸುತ್ತಿರುತ್ತದೆ.

ಈಗ ಮೈ. ನನ್ನದು ಉದ್ದ 42 ಸೆಂ.ಮೀ., ಹೊಟ್ಟೆಯ ಹತ್ತಿರ 8 ಸೆಂ.ಮೀ. ದಪ್ಪ. ಬೆನ್ನೆಲುಬಿಗೆ 24 ಮಿ.ಮೀ. ಮೋಟಾರ್ ಕೂರುವ ಕಾಗದದ ಕೊಳವೆ. ಅದರ ಸುತ್ತ ಮನೆಯ ಗೋಡೆಗೆ ಹಾಕುವ ಗುಲಾಬಿ ಬಣ್ಣದ ಗಟ್ಟಿ ಫೋಮ್. ಫೋಮನ್ನು ಬಿಲ್ಲೆಗಳಾಗಿ ಕತ್ತರಿಸಿ, ನಡುವೆ ತೂತು ಕೊರೆದು, ವಡೆ ಪೋಣಿಸಿದ ಹಾಗೆ ಕೊಳವೆಗೆ ಪೋಣಿಸಿ. ಅಂಟಿಸಲು ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ ಗಟ್ಟಿ ಅಂಟು) ಬಳಸಿ. ಬಿಳಿ ಅಂಟು ಹಾಕಿದರೆ ಬಿಲ್ಲೆಗಳ ಮಧ್ಯೆ ಗಾಳಿ ಆಡದೆ ವಾರವಾದರೂ ಒದ್ದೆಯಾಗೇ ಇರುತ್ತದೆ. ಇನ್ನೊಂದು ಮಾತು: ಉಡ್ಡಯನದ ಸರಳು (ಏಳುವಾಗ ರಾಕೆಟ್ಟನ್ನು ನೆಟ್ಟಗೆ ಹಿಡಿಯುವ ಕಂಬಿ) ಹೋಗುವ ಸಣ್ಣ ಕೊಳವೆಯನ್ನೂ ಈಗಲೇ ಬಿಲ್ಲೆಗಳ ಮೂಲಕ ತೂರಿಸಿಬಿಡಿ, ಬೆನ್ನೆಲುಬಿನ ಪಕ್ಕಕ್ಕೆ, ಅದಕ್ಕೆ ಸಮಾಂತರವಾಗಿ. ಆಮೇಲೆ ಹೊರಗೆ ಅಂಟಿಸಿದರೆ ಮದುಮಗಳ ಕೆನ್ನೆಗೆ ಸ್ಟ್ರಾ ಅಂಟಿಸಿದ ಹಾಗೆ ಕಾಣುತ್ತದೆ.

ಕೊಳವೆಯೊಳಗೆ ಒಂದು ಕೋಲು ತೂರಿಸಿ, ಎರಡು ತುದಿಯನ್ನೂ ತೋಡು ಕೊರೆದ ಮರದ ತುಂಡುಗಳ ಮೇಲೆ ಇಡಿ. ಎಡಗೈಯಲ್ಲಿ ತಿರುಗಿಸುತ್ತ ಬಲಗೈಯಲ್ಲಿ ಉಪ್ಪು ಕಾಗದದಿಂದ ಉಜ್ಜಿ. ಮೊದಲು 80 ನಂಬರ್, ಆಮೇಲೆ 120, ಕೊನೆಗೆ 220. ರಾಕೆಟ್ಟಿನ ಅರ್ಧ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಇಟ್ಟುಕೊಂಡು ಆಗಾಗ ಮೈಗೆ ಹಿಡಿದು ನೋಡಿ. ಬೆಳಕು ನುಸುಳುವ ಕಡೆ ತಗ್ಗಿದೆ, ರಟ್ಟು ತಾಗುವ ಕಡೆ ಇನ್ನೂ ಉಜ್ಜಬೇಕು. ಮಾಸ್ಕ್ ಹಾಕಿಕೊಳ್ಳಿ. ಮೂರು ದಿನ ಮನೆಯೆಲ್ಲಾ ಗುಲಾಬಿ ಪುಡಿ ಹಾರುತ್ತಿತ್ತು. ನಮ್ಮವರು ಕಾಫಿಯಲ್ಲೂ ಅದು ಸಿಕ್ಕಿತು ಅಂದರು.

ಮೇಲಿನ 13 ಸೆಂ.ಮೀ. ಮೂಗು ಬೇರೆ ತುಂಡು. ಪ್ಯಾರಾಚೂಟ್ ಅಲ್ಲಿಂದಲೇ ಹೊರಬರಬೇಕು. ಆ ಕತ್ತರಿಕೆ ಎಲ್ಲಿ ಬರಬೇಕು ಅಂದರೆ, ಮೇಲಿನ ಕೆಂಪು ಮುಗಿದು ಚೌಕಳಿ ಶುರುವಾಗುವ ಗೆರೆಯ ಮೇಲೇ. ಆಗ ಕೂಡುಗೆರೆ ಕಣ್ಣಿಗೆ ಬೀಳುವುದೇ ಇಲ್ಲ. ಮೂಗಿನೊಳಗೆ ಕೆಳಗಿನಿಂದ ಒಂದು ಖಾಲಿ ಕೊಳವೆ ಬಿಟ್ಟು ಬಿರಡೆ ಹಾಕಿಡಿ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಫೋಮಿಗೆ ನೇರ ಸ್ಪ್ರೇ ಬಣ್ಣ ಹೊಡೆದರೆ ಕಥೆ ಮುಗಿಯಿತು. ಬಣ್ಣದ ಥಿನ್ನರ್ ಫೋಮನ್ನು ತಿಂದುಬಿಡುತ್ತದೆ, ಬಿಸಿ ಸಾರಿನಲ್ಲಿ ಹಪ್ಪಳ ಮುದುರಿದ ಹಾಗೆ ಮೈ ಕುಗ್ಗುತ್ತದೆ. ಅದಕ್ಕೇ ಮೊದಲು ಕಾಗದದ ಚರ್ಮ. ತೆಳು ಟಿಶ್ಯೂ ಕಾಗದವನ್ನು ಬೆರಳಗಲದ ಪಟ್ಟಿಗಳಾಗಿ ಹರಿಯಿರಿ. ಕತ್ತರಿಸಬೇಡಿ, ಹರಿದ ಅಂಚು ಮೈಗೆ ಒಂದಾಗಿ ಕೂರುತ್ತದೆ. ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಎರಡು ಪದರ ಹಚ್ಚಿ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಸಣ್ಣ ಮಡಕೆಯಂಥ ಸದ್ದು ಬರಬೇಕು.

ರೆಕ್ಕೆಗೆ 5 ಮಿ.ಮೀ. ಬಾಲ್ಸಾ, ತೀರಾ ಹಗುರದ ಮರ. ಮರದ ನಾರು ರೆಕ್ಕೆಯ ಮುಂದಿನ ಅಂಚಿನ ಉದ್ದಕ್ಕೆ ಓಡಬೇಕು. ಮೈಗೆ ಸಮಾಂತರವಾಗಿ ಓಡಿದರೆ ಇಳಿದ ಮೊದಲ ಸಲವೇ ಲಟಕ್ ಅನ್ನುತ್ತದೆ. ಕಾಲಿನ ತುದಿಯ ಉಂಡೆಗಳಿಗೆ ನಾನು ಮೊದಲು ಮರದ ಮಣಿ ಹಾಕಿದ್ದೆ, ಮೂರಕ್ಕೆ 14 ಗ್ರಾಂ. ಈಗ ಥರ್ಮಕೋಲ್ ಗುಂಡು, ಮೇಲೆ ಅದೇ ಕಾಗದದ ಚರ್ಮ. ಮೂರೂ ಸೇರಿ 2 ಗ್ರಾಂ ಇಲ್ಲ.

ಇನ್ನು ಬಣ್ಣಕ್ಕೆ ಬರೋಣ. ನಮ್ಮಪ್ಪ ತಿಪಟೂರಿನಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದರು. "ಬರೆಯೋದು ಒಂದು ದಿನ ಕಣೇ, ಉಜ್ಜೋದು ಆರು ದಿನ" ಅನ್ನುತ್ತಿದ್ದರು. ರಾಕೆಟ್ಟಿಗೂ ಅದೇ ಲೆಕ್ಕ. ಬಾಲ್ಸಾದ ರಂಧ್ರ ಮುಚ್ಚಲು ಮರದ ಪುಟ್ಟಿಯನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಬ್ರಷ್‌ನಲ್ಲಿ ಹಚ್ಚಿ, ಒಣಗಿದ ಮೇಲೆ ಮರ ಮತ್ತೆ ಕಾಣುವ ತನಕ ಉಜ್ಜಿ. ರಂಧ್ರದಲ್ಲಿ ಮಾತ್ರ ಪುಟ್ಟಿ ಉಳಿಯಬೇಕು. ನಾನು ಮೊದಲ ಸಲ ಸೋಮಾರಿತನ ಮಾಡಿ ಉಜ್ಜದೆ ಮೇಲೆ ಮೇಲೆ ಪ್ರೈಮರ್ ಹೊಡೆದೆ. ಆ 9 ಗ್ರಾಂ ಬಂದಿದ್ದು ಅಲ್ಲಿಂದ. ಪ್ರೈಮರ್ ತೆಳುವಾಗಿ ಎರಡು ಸಲ, ನಡುವೆ 400 ನಂಬರ್ ಕಾಗದ. ಡಬ್ಬಿಯ ಮೇಲೆ "1 ಗಂಟೆಯೊಳಗೆ ಅಥವಾ 48 ಗಂಟೆಯ ನಂತರ" ಅಂತ ಇದ್ದರೆ ಅದನ್ನು ತಮಾಷೆ ಅಂದುಕೊಳ್ಳಬೇಡಿ. ನಡುವಿನ ಹೊತ್ತಿನಲ್ಲಿ ಹೊಡೆದರೆ ಕೆಳಗಿನ ಪದರ ಹಾಲಿನ ಕೆನೆಯ ಥರ ಸುಕ್ಕುಗಟ್ಟುತ್ತದೆ. ಎಲ್ಲಾ ಕೆರೆದು ಮತ್ತೆ ಶುರು.

ಬಿಳಿ ಮೊದಲು, ಮೈಗೆಲ್ಲಾ. ಕೆಂಪಿನ ಮೇಲೆ ಬಿಳಿ ಮುಚ್ಚುವುದಿಲ್ಲ. ಎರಡು ದಿನ ಬಿಡಿ.

ಚೌಕಳಿ ಅಂದರೆ ಚೌಕಾಬಾರದ ಮನೆ ಗೀಚಿದ ಹಾಗೆ ಸುಮ್ನೆ ಗೀಚಲಾಗುವುದಿಲ್ಲ. ಮೈ ಮೇಲಕ್ಕೆ ಹೋದ ಹಾಗೆ ಸಣ್ಣಗಾಗುತ್ತದೆ, ಹಾಗಾಗಿ ನಿಲುಗೆರೆಗಳು ಭೂಗೋಳದ ರೇಖಾಂಶಗಳ ಥರ ಒಂದಕ್ಕೊಂದು ಹತ್ತಿರ ಬರಬೇಕು. ಸ್ಕೇಲ್ ಕೆಲಸಕ್ಕೆ ಬರುವುದಿಲ್ಲ. ಒಂದು ಕಾಗದದ ಪಟ್ಟಿಯನ್ನು ಹೊಟ್ಟೆಗೆ ಸುತ್ತಿ, ಸೇರುವಲ್ಲಿ ಕತ್ತರಿಸಿ. ಅದನ್ನು ಎರಡಾಗಿ ಮಡಚಿ, ಮತ್ತೆ ಎರಡಾಗಿ, ಆಮೇಲೆ ಮೂರಾಗಿ. ಬಿಚ್ಚಿದರೆ 12 ಭಾಗ. ಸಂಖ್ಯೆ ಸರಿಸಂಖ್ಯೆ ಆಗಿರಲೇಬೇಕು. ಇಲ್ಲದಿದ್ದರೆ ಸುತ್ತು ಮುಗಿಯುವಲ್ಲಿ ಕೆಂಪಿನ ಪಕ್ಕ ಕೆಂಪು ಬರುತ್ತದೆ. ಮೂರು ರೆಕ್ಕೆಗೂ ಸಮ ಹಂಚಬೇಕು ಅಂದರೆ 6 ಅಥವಾ 12.

ನಿಲುಗೆರೆ ಎಳೆಯಲು ಅಪ್ಪನ ನೂಲು ನೆನಪಾಯಿತು. ಅವರು ಬೋರ್ಡಿನ ಮೇಲೆ ಸುಣ್ಣದ ನೂಲು ಬಿಗಿಹಿಡಿದು ಟಪ್ ಅಂತ ಬಿಟ್ಟು ಗೆರೆ ಹೊಡೆಯುತ್ತಿದ್ದರು. ಇಲ್ಲಿ ಹೊಡೆಯುವುದು ಬೇಡ, ಬಿಗಿಹಿಡಿದರೆ ಸಾಕು. ಹೊಲಿಗೆ ದಾರದ ಒಂದು ತುದಿಯನ್ನು ಮೂಗಿನ ಚೂಪಿಗೆ ಟೇಪ್ ಹಚ್ಚಿ, ಹೊಟ್ಟೆಯ ಗುರುತಿನ ಮೇಲೆ ಹಾಯಿಸಿ, ಬಾಲದ ಕಡೆಗೆ ಬಿಗಿಯಾಗಿ ಎಳೆಯಿರಿ. ಬಿಗಿದ ದಾರ ತಾನಾಗೇ ನೇರ ದಾರಿ ಹಿಡಿಯುತ್ತದೆ. ಅದರ ಪಕ್ಕ ಮೆತ್ತಗೆ ಪೆನ್ಸಿಲ್ ಓಡಿಸಿ. ಅಡ್ಡಗೆರೆ ಇನ್ನೂ ಸುಲಭ: ಪುಸ್ತಕಗಳನ್ನು ಪೇರಿಸಿ, ಮೇಲೆ ಪೆನ್ಸಿಲ್ ಅಲುಗದ ಹಾಗೆ ಒತ್ತಿಹಿಡಿದು, ನಿಲ್ಲಿಸಿದ ರಾಕೆಟ್ಟನ್ನು ಒಂದು ಸುತ್ತು ತಿರುಗಿಸಿ. ಮುಂದಿನ ಗೆರೆಗೆ ಇನ್ನೊಂದು ಪುಸ್ತಕ.

ನನ್ನದರಲ್ಲಿ 12 ಕಂಬ, 8 ಸಾಲು. ಒಟ್ಟು 96 ಮನೆ, ಅದರಲ್ಲಿ 48 ಮುಚ್ಚಬೇಕು. ಅಂಚುಗಳಿಗೆ 3 ಮಿ.ಮೀ. ಅಗಲದ ವಿನೈಲ್ ಟೇಪ್, ಅದು ಬಾಗುತ್ತದೆ. ಒಳಗೆ ಮಾಮೂಲಿ ಮಾಸ್ಕಿಂಗ್ ಟೇಪ್. ಮುಚ್ಚುವ ಮನೆಗಳಿಗೆ ಮೊದಲೇ ಪೆನ್ಸಿಲಿನಲ್ಲಿ ಚುಕ್ಕೆ ಇಡಿ. ಮೂರನೇ ಸಾಲಿಗೆ ಬರುವ ಹೊತ್ತಿಗೆ ಯಾವುದು ಬಿಳಿ ಯಾವುದು ಕೆಂಪು ಅಂತ ಕಣ್ಣು ಸುಳ್ಳು ಹೇಳಲು ಶುರುಮಾಡುತ್ತದೆ. ಎಲ್ಲಾ ಮುಚ್ಚಿದ ಮೇಲೆ ತಕ್ಷಣ ಕೆಂಪು ಹೊಡೆಯಬೇಡಿ. ಇನ್ನೊಮ್ಮೆ ಬಿಳಿಯನ್ನೇ ತೆಳುವಾಗಿ ಹೊಡೆಯಿರಿ. ಟೇಪಿನ ಅಂಚಿನಡಿ ಬಣ್ಣ ನುಗ್ಗುವುದಿದ್ದರೆ ಬಿಳಿ ನುಗ್ಗಲಿ, ಬಿಳಿಯ ಮೇಲೆ ಬಿಳಿ ಯಾರಿಗೂ ಕಾಣುವುದಿಲ್ಲ. ಆಮೇಲೆ ಕೆಂಪು ಮೂರು ತೆಳು ಪದರ. ಕೊನೆಯ ಪದರ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಮೊದಲ ಮನೆ ಬಿಚ್ಚಿದಾಗ ಗೆರೆ ಬ್ಲೇಡಿನಲ್ಲಿ ಕೊಯ್ದ ಹಾಗಿತ್ತು. ಮಗಳು ಉಳಿದ 47ನ್ನೂ ನನಗೆ ಮುಟ್ಟಲು ಬಿಡಲಿಲ್ಲ.

ಚೌಕಳಿ ಬರೀ ಚೆಂದಕ್ಕೆ ಅಂದುಕೊಂಡಿದ್ದೆ, ಹಾಗಲ್ಲ. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ವಿ-2 ರಾಕೆಟ್‌ಗಳ ಪರೀಕ್ಷೆಯಲ್ಲಿ ಮೈಗೆ ಕಪ್ಪು-ಬಿಳಿ ಮನೆಗಳನ್ನು ಬಳಿಯುತ್ತಿದ್ದರು. ಹಾರುವಾಗ ಅದು ತನ್ನ ಸುತ್ತ ಎಷ್ಟು ತಿರುಗುತ್ತಿದೆ ಅಂತ ಕೆಳಗಿನಿಂದ ಕಾಣಲಿ ಅಂತ.

ಈಗ ಆ ಖಾಲಿ ಕೊಳವೆಯ ವಿಷಯ. ರಾಕೆಟ್ ನೆಟ್ಟಗೆ ಹೋಗಬೇಕಾದರೆ ತೂಕ ಸಮನಾಗುವ ಬಿಂದು, ಅಂದರೆ ಸಿ.ಜಿ., ಗಾಳಿಯ ಒತ್ತಡ ಸಮನಾಗುವ ಸಿ.ಪಿ.ಗಿಂತ ಮೂಗಿನ ಕಡೆಗೆ ಇರಬೇಕು. ಮೈಯ ದಪ್ಪದಷ್ಟು ಅಂತರ ಇದ್ದರೆ ನೆಮ್ಮದಿ. ಓಪನ್‌ರಾಕೆಟ್ ಅನ್ನುವ ಉಚಿತ ಸಾಫ್ಟ್‌ವೇರ್ ಇದನ್ನು ಲೆಕ್ಕ ಹಾಕಿಕೊಡುತ್ತದೆ. ಅದಿಲ್ಲದಿದ್ದರೆ ರಾಕೆಟ್ಟಿನ ನೆರಳಿನಾಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಸ್ಕೇಲಿನ ಅಂಚಿನ ಮೇಲೆ ತೂಗಿಸಿ. ಅದು ಸಮನಾಗಿ ನಿಲ್ಲುವ ಜಾಗವೇ ಸಿ.ಪಿ. ಅಂತ ಹಿಡಿಯಿರಿ. ಈ ಹಳೇ ಉಪಾಯ ನಿಜಕ್ಕಿಂತ ಸ್ವಲ್ಪ ಮುಂದೆ ತೋರಿಸುತ್ತದೆ, ಒಳ್ಳೆಯದೇ ಆಯಿತು. ನಾನು ಮೊದಲ ಸಲ ಇದ್ಯಾವುದನ್ನೂ ಮಾಡದೆ, ಬಣ್ಣಕ್ಕೆ ಮುಂಚೆ ದಾರ ಕಟ್ಟಿ ತಲೆಯ ಮೇಲೆ ತಿರುಗಿಸಿ ನೋಡಿದ್ದೆ. ಮೂಗು ಮುಂದಾಗಿ ಸುತ್ತಿತು, ಸಾಕು ಅಂದುಕೊಂಡೆ. ಆಮೇಲೆ ಮೂರು ರೆಕ್ಕೆಗೆ 27 ಗ್ರಾಂ ಬಣ್ಣ ತುಂಬಿದೆ, ಸಿ.ಜಿ. ಬಾಲದ ಕಡೆಗೆ ಜಾರಿತು.

ಹಾಗಾಗಿ ಮೂಗಿನ ತೂಕ ಎಲ್ಲಕ್ಕಿಂತ ಕೊನೆಗೆ. ಬಣ್ಣ ಪೂರ್ತಿ ಒಣಗಲಿ. ಬಳಸದ ಮೋಟಾರ್, ಪ್ಯಾರಾಚೂಟ್, ಅದನ್ನು ಸುಡದಂತೆ ಕಾಯುವ ಕಾಗದ, ಎಲ್ಲಾ ಒಳಗೆ ಹಾಕಿ. ಬೆರಳಿನ ಮೇಲೆ ತೂಗಿಸುತ್ತ ಬಿರಡೆ ತೆಗೆದು ಜೇಡಿಮಣ್ಣಿನ ಸಣ್ಣ ಸಣ್ಣ ಉಂಡೆ ತುಂಬುತ್ತ ಹೋಗಿ. ಸಿ.ಜಿ. ಬೇಕಾದ ಜಾಗಕ್ಕೆ ಬಂದ ಮೇಲೆ ಎಪಾಕ್ಸಿ ಹನಿಸಿ ಮುಚ್ಚಿ. ಎರಡನೇ ರಾಕೆಟ್ಟಿಗೆ 38 ಗ್ರಾಂ ಹಿಡಿಯಿತು. ಮೋಟಾರ್ ಸೇರಿ ಒಟ್ಟು 231 ಗ್ರಾಂ. ಆಮೇಲೆ ದಾರ ಕಟ್ಟಿ ತಿರುಗಿಸಿಯೂ ನೋಡಿದೆ.

ಹಾರಿಸುವ ನಿಯಮ ಚಿಕ್ಕದು, ಆದರೆ ಚೌಕಾಸಿ ಇಲ್ಲ. ಡಿ ಮೋಟಾರಿಗೆ ಕನಿಷ್ಠ 500 ಅಡಿ ಅಗಲದ ಬಯಲು, ಸುತ್ತ ಒಣಹುಲ್ಲು ಇರಬಾರದು. ನಿಲ್ಲುವುದು ಕನಿಷ್ಠ 15 ಅಡಿ ದೂರ. ವಿದ್ಯುತ್ ಸ್ವಿಚ್ಚಿನಿಂದಲೇ ಹೊತ್ತಿಸಬೇಕು, ಬತ್ತಿಯಿಂದ ಅಲ್ಲ. ಒತ್ತಿದರೂ ಹತ್ತದಿದ್ದರೆ ಸ್ವಿಚ್ಚಿನ ಸುರಕ್ಷತಾ ಕೀಲಿ ತೆಗೆದು 60 ಸೆಕೆಂಡ್ ಕಾದು ಹತ್ತಿರ ಹೋಗಿ. ಗಂಟೆಗೆ 20 ಮೈಲಿಗಿಂತ ಜಾಸ್ತಿ ಗಾಳಿ ಇದ್ದರೆ ಮನೆಗೆ ವಾಪಸ್. ಇಲ್ಲಿ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಬೆಂಕಿಯ ನಿಷೇಧ ಹಾಕುತ್ತಾರೆ. ಎರಡನೇ ರಾಕೆಟ್ ಅಕ್ಟೋಬರ್ ತನಕ ಪುಸ್ತಕದ ಕಪಾಟಿನ ಮೇಲೇ ಕೂತಿತ್ತು.

ಅವತ್ತು ಬೆಳಗ್ಗೆ ಗಾಳಿ ಇರಲಿಲ್ಲ. ಸ್ವಿಚ್ ಒತ್ತಿದಾಗ ಅದು ಸರಳಿನಿಂದ ನೆಟ್ಟಗೆ ಎದ್ದಿತು, ನೂರು ಮೀಟರ್ ಆಸುಪಾಸು ಹೋಗಿರಬೇಕು. ಏರುವಾಗ ಕೆಂಪು-ಬಿಳಿ ಮನೆಗಳು ನಿಧಾನವಾಗಿ ಎಡಕ್ಕೆ ಸರಿಯುತ್ತಿದ್ದವು. "ಅಮ್ಮಾ, ತಿರುಗ್ತಾ ಇದೆ, ಒಂದು ರೆಕ್ಕೆ ಸೊಟ್ಟ ಇದೆ" ಅಂದಳು ಮಗಳು. ಮನೆಗೆ ಬಂದು ನೋಡಿದರೆ ಹೌದು, ಎರಡನೆಯದು ಒಂದು ಕೂದಲೆಳೆ ಓರೆ. ಇಳಿಯುವಾಗ ಒಂದು ಕಾಲಿನ ಉಂಡೆಯೂ ಕಿತ್ತು ಬಂದಿತ್ತು. ರೆಕ್ಕೆ ಮುಟ್ಟಲಿಲ್ಲ. ಉಂಡೆ ಅಂಟಿಸಿ, ಬಣ್ಣ ತೀಡಿ, ಒಣಗಿದ ಮೇಲೆ ಮತ್ತೆ ತಕ್ಕಡಿಗೆ ಇಟ್ಟೆ. 1 ಗ್ರಾಂ ಜಾಸ್ತಿ. ಬೆರಳಿನ ಮೇಲೆ ಇನ್ನೊಮ್ಮೆ ತೂಗಿಸಿ ನೋಡಿ, ಆಮೇಲೆ ಕಪಾಟಿನ ಮೇಲೆ ನಿಲ್ಲಿಸಿದೆ.